ಪರ್ಮಿಶನ್ ಇಲ್ದ ಕದ್ದು ಸಿನಿಮಾ ತೆಗಿಯೋದು ಸರಿ ಏನ್ರಿ? ಪರ-ವಿರೋಧ

ಪರ

ಬಳ್ಳಾರಿ ಜಿಲ್ಲಾದ ಸಂಡೂರ ಗುಡ್ಡ ಅದಿರಿಗಂತ ಅಗಿಯೋ ಟೈಮ್‌ನಾಗ ಅದನ್ನ ಶೂಟ್ ಮಾಡ್ತೀನಿ ಅಂತ ಅರ್ಜಿ ಹಿಡ್ಕೊಂಡು ಹೋಗಿದ್ರ ಯಾರು ಸಹಿ ಹಾಕ್ತಿದ್ರು ಹೇಳ್ರಿ? ಗಿಡದ ಎಲಿ ಸೈತ ಕೆಂಪಗಾಗಿದ್ವು, ಹೊಸಪೇಟಿ ರೋಡಿನಾಗ ಲಾರಿ ಸಾಲು ನಿಂತ್ರ ಮುಗೀತಿರ್ಲಿಲ್ಲ, ಅಕ್ರಮ ಗಣಿಗಾರಿಕಿ ಮ್ಯಾಲ ಲೋಕಾಯುಕ್ತರ ದೊಡ್ಡ ವರದಿ ಬಂದಿದ್ದು 2011ರ ಜುಲೈನಾಗ, ಅದೇ ತಿಂಗ್ಳು ಸುಪ್ರೀಂ ಕೋರ್ಟು ಬಳ್ಳಾರಿ ಗಣಿ ನಿಲ್ಲಿಸ್ತು. ಅಲ್ಲಿತನಕ ಕಣ್ಣಿಗೆ ಕಂಡಿದ್ದನ್ನ ಕದ್ದಾದ್ರೂ ಹಿಡಿದಾವ ತಪ್ಪು ಮಾಡಿದ ಅಂತ ನಾ ಅನ್ನಂಗಿಲ್ಲ.

ಇನ್ನ ಕಾನೂನು. 1952ರ ಸಿನಿಮಾಟೋಗ್ರಾಫ್ ಆಕ್ಟ್ ಹಿಡಿಯೋದು ತೆಗದಾವನ್ನಲ್ಲ, ಸರ್ಟಿಫಿಕೇಟ್ ಇಲ್ದ ಮಂದಿಗೆ ತೋರಿಸಿದಾವನ್ನ, 3 ವರ್ಷದ ತನಕ ಜೈಲು ಇಲ್ಲಾ ದಂಡ, ಎರಡೂ ಬಿದ್ರೂ ಬೀಳಬೋದು. ಹಿಂದಿ ಸಿನಿಮಾ ನಿರ್ದೇಶಕ ಕೆ.ಎ. ಅಬ್ಬಾಸ್ ತಮ್ಮ ಡಾಕ್ಯುಮೆಂಟರಿ ಸಲುವಾಗಿ ಸುಪ್ರೀಂ ಕೋರ್ಟಿಗೆ ಹೋದ್ರು, 1970ರಾಗ ಕೋರ್ಟು ಸೆನ್ಸಾರ್ ಇರ್ಲಿ ಅಂತು. ಮುಂದ ಮೇಲ್ಮನವಿಗೆ ಒಂದು ಟ್ರಿಬ್ಯುನಲ್ ಆತು, ಅದನ್ನೂ 2021ರಾಗ ತೆಗದು ಹಾಕಿದ್ರು. ಈಗ ಕೊಪ್ಪಳದ ಹುಡುಗಗ ಸೆನ್ಸಾರ್ ಬೋರ್ಡ್ ಹೇಳಿದ ಕಟ್ ಒಪ್ಪಿಗಿ ಆಗ್ಲಿಲ್ಲಂದ್ರ ಹೈಕೋರ್ಟ್ ಮೆಟ್ಲನೇ ಗತಿ, ಕ್ಯಾಮರಾನೇ ಬಾಡಿಗಿ ತಂದಿರ್ತಾನ ವಕೀಲರ ಫೀಸ್ ಎಲ್ಲಿಂದ ತರ್ತಾನ ಪಾಪ. ಅದಕ್ಕ ಗೆಳ್ಯಾರ ಮಾಳಗಿ ಮ್ಯಾಲ ಧೋತರ ಕಟ್ಟಿ ತೋರಸ್ತಾನ. ಅದಕ್ಕೂ ಕೇಸ್ ಹಾಕ್ತೀರೇನು?

ವಿರೋಧ

ಲಾರಿ ಸರಿ, ಗುಡ್ಡ ಸರಿ. ಅದೇ ಹುಡುಗ ಅಂಗಿ ಗುಂಡಿಗೆ ಕ್ಯಾಮರಾ ಸಿಗಿಸ್ಕೊಂಡು ದೇವದಾಸಿ ಅಕ್ಕನ ಮನಿಗೆ ಹೋದ್ರ? ಮುತ್ತು ಕಟ್ಟಿ ಹೆಣ್ಮಕ್ಳನ್ನ ದೇವರಿಗೆ ಬಿಡೋದನ್ನ 1982ರಾಗ ಕಾಯ್ದಿ ತಂದು ಅಪರಾಧ ಮಾಡ್ಯಾರ ಖರೆ, ಆದ್ರ ಮೊದ್ಲೇ ಕಟ್ಟಿಸ್ಕೊಂಡ ತಾಯಂದಿರು ನಮ್ಮ ಕಡಿ ಅದಾರ, ಅವ್ರ ಮಕ್ಳು ಕಾಲೇಜಿಗೆ ಹೊಂಟಾರ. ನಾಕು ನಿಮಿಷದ ಕ್ಲಿಪ್ ವಾಟ್ಸಾಪ್‌ನಾಗ ಊರೆಲ್ಲ ತಿರಗ್ತದ, ಮುಖ ಬ್ಲರ್ ಮಾಡೀವಲ್ರಿ ಅಂತಾರ, ಅಲ್ಲೋ ಮಾರಾಯ ಊರಾಗ ದನಿ ಕೇಳಿದ್ರ ಸಾಕು, ಹಿಂದ ಕಾಣೋ ಬಾಗ್ಲ, ಕಟ್ಟಿ ನೋಡಿದ್ರ ಸಾಕು ಯಾರ ಮನಿ ಅಂತ ಸಣ್ಣ ಹುಡುಗ್ರೂ ಹೇಳ್ತಾವ. ಫೆಸ್ಟಿವಲ್‌ನಾಗ ಶಾಲು ಹೊದಿಸ್ಕೊಳ್ಳಾವ ಇವ, ಮಗಳ ಸಂಬಂಧ ಮುರದು ಕುಂದ್ರೋರು ಅವ್ರು.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಾಗ ಸುಪ್ರೀಂ ಕೋರ್ಟಿನ 9 ಜಡ್ಜ್‌ಗಳು ಒಂದೇ ಮಾತಿನಾಗ ಹೇಳ್ಯಾರ. ಕೋರ್ಟು ಹೇಳ್ಲಿಲ್ಲಂದ್ರೂ ಆ ಅಕ್ಕನ್ನ ಕೇಳಬೇಕಿತ್ತಲ್ಲ. ಕೇಳೋದು ಅಂದ್ರ ಕಾಗದಕ್ಕ ಹೆಬ್ಬೆಟ್ಟು ಒತ್ತಿಸ್ಕೊಳ್ಳೋದಲ್ಲ, ಎಡಿಟ್ ಆದ್ಮ್ಯಾಲ ಅವ್ರ ಮುಂದ ಕುಂತು ಹಚ್ಚಿ ತೋರ್ಸಿ, ಬ್ಯಾಡ ಅಂದ್ರ ಆ ಸೀನ್ ಕಿತ್ತು ಹಾಕೋದು, ಎಷ್ಟೇ ಛಲೋ ಸೀನ್ ಇರ್ಲಿ. ಸೆನ್ಸಾರ್ ಬೋರ್ಡಿಗೆ ಬಾಯಿಗೆ ಬಂದಂಗ ಬೈತಾರ ಈ ಅಂಡರ್‌ಗ್ರೌಂಡ್ ಮಂದಿ, ಅಲ್ಲಿ ಏನೇನು ಕಟ್ ಅಂತ ಬರದರ ಕೊಡ್ತಾರ, ಒಪ್ಪದಿದ್ರ ಹೈಕೋರ್ಟರ ಅದ. ಇವ್ರ ಸಿನಿಮಾದಾಗ ಸಿಕ್ಕೊಂಡ ಆ ಅಕ್ಕ ಅರ್ಜಿ ಹಿಡ್ಕೊಂಡು ಯಾರ ಹಂತ್ಯಾಕ ಹೋಗ್ಬೇಕು?