ಹೊಸ ತಿಗಣೆ ಸಿಕ್ಕಿತು ಅನ್ನೋದು ಅರ್ಧ ಸುದ್ದಿ

‘ಹೊಸ ಪ್ರಭೇದ ಪತ್ತೆ’ ಅನ್ನೋ ಸುದ್ದಿಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಎಲೆ ಮೇಲೆ ಕೂತ ಕೀಟದ ಫೋಟೋ, ಕಂಡುಹಿಡಿದವರ ಹೆಸರು, ಯಾರ ನೆನಪಿಗೆ ಆ ಹೆಸರಿಟ್ಟರು ಅನ್ನೋ ವಿವರ. ಅದು ಯಾವ ಹಳೇ ಪ್ರಭೇದಕ್ಕೆ ಹತ್ತಿರ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಮಾತ್ರ ಯಾರೂ ಬರೆಯುವುದಿಲ್ಲ. ನನ್ನ ತಕರಾರು ಇರೋದು ಅಲ್ಲೇ. ಕಂಡಿರದ ಕೀಟ ಕಣ್ಣಿಗೆ ಬೀಳುವುದು ದೊಡ್ಡ ವಿಷಯ ಅಲ್ಲ. ಅದಕ್ಕೆ ಈಗಾಗಲೇ ಯಾರೂ ಹೆಸರಿಟ್ಟಿಲ್ಲ ಅಂತ ತೋರಿಸಿಕೊಡುವುದೇ ನಿಜವಾದ ಕೆಲಸ.

ಹಂತಕ ತಿಗಣೆಗಳನ್ನೇ ತಗೊಳ್ಳಿ. ಅಸಾಸಿನ್ ಬಗ್ ಅಂತಾರಲ್ಲ, ಅವು. ರೆಡುವಿಡೇ ಅನ್ನೋ ಕುಟುಂಬ. ಹೆಸರು ಪಡೆದ ಪ್ರಭೇದಗಳೇ ಸುಮಾರು 7,000. ತಲೆಯ ಕೆಳಗೆ ಬಾಗಿದ ಗಟ್ಟಿ ಕೊಕ್ಕು ಇರುತ್ತದೆ. ಅದನ್ನು ಬೇಟೆಗೆ ಚುಚ್ಚಿ ಜೊಲ್ಲು ಬಿಡುತ್ತವೆ. ಒಳಗಿನದ್ದೆಲ್ಲ ಕರಗಿದ ಮೇಲೆ ಹೀರುತ್ತವೆ. ಕೆಲವು ಸಹಸ್ರಪದಿಗಳನ್ನು ಹಿಡಿಯುತ್ತವೆ. ಕೆಲವು ಜೇಡನ ಬಲೆಗೇ ಹೋಗಿ, ಎಳೆ ಮೀಟಿ, ಜೇಡವನ್ನು ಹತ್ತಿರ ಕರೆಸಿಕೊಂಡು ತಿನ್ನುತ್ತವೆ. ಅಕಾಂತಾಸ್ಪಿಸ್ ಪೆಟಾಕ್ಸ್ ಅನ್ನೋದರ ಮರಿ, ಹೀರಿ ಮುಗಿಸಿದ ಇರುವೆಗಳ ಹೆಣಗಳನ್ನು ಬೆನ್ನಮೇಲೆ ಪೇರಿಸಿಕೊಂಡು ಓಡಾಡುತ್ತದೆ. ಆ ಹೊರೆ ಇದ್ದರೆ ಜಿಗಿಯುವ ಜೇಡಗಳು ಅದರ ಮೇಲೆ ಬೀಳುವುದು ಕಡಿಮೆ ಅಂತ ಪ್ರಯೋಗ ಮಾಡಿ ನೋಡಿದ್ದಾರೆ.

ಇಷ್ಟೆಲ್ಲ ಮಜಾ ಇದ್ದರೂ ಪ್ರಭೇದ ಬೇರೆ ಮಾಡುವಾಗ ಇದು ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ಮ್ಯೂಸಿಯಂನ ಪೆಟ್ಟಿಗೆಯಲ್ಲಿ ಪಿನ್ನಿಗೆ ಚುಚ್ಚಿದ ಒಣಗಿದ ಕೀಟ ಬೇಟೆ ಆಡುವುದಿಲ್ಲ ಅಲ್ವಾ? ಬಣ್ಣವನ್ನೂ ಪೂರ್ತಿ ನಂಬೋಕಾಗಲ್ಲ. ಒಂದೇ ಪ್ರಭೇದದಲ್ಲಿ ಕಪ್ಪೂ ಇರಬಹುದು, ಕೆಂಪೂ ಇರಬಹುದು. ಸಹಸ್ರಪದಿ ತಿನ್ನುವ ಗುಂಪಿನ ಕೆಲವು ಕುಲಗಳಲ್ಲಿ (ಕುಲ ಅಂದರೆ ಹತ್ತಿರದ ಪ್ರಭೇದಗಳ ಗುಂಪು) ಗಂಡಿಗೆ ಪೂರ್ತಿ ರೆಕ್ಕೆ, ಹೆಣ್ಣಿಗೆ ರೆಕ್ಕೆಯೇ ಇಲ್ಲ. ಗೊತ್ತಿಲ್ಲದವರು ನೋಡಿದರೆ ಎರಡೂ ಬೇರೆ ಬೇರೆ ಅಂತ ಪ್ರಮಾಣ ಮಾಡಿಯಾರು.

ಹಾಗಾಗಿ ತಜ್ಞರು ನೋಡುವುದು ಗಂಡಿನ ಹೊಟ್ಟೆಯ ತುದಿ, ಅಲ್ಲಿರುವ ಜನನಾಂಗ. ಒಣಗಿದ ಕೀಟವನ್ನು ಮೊದಲು ಮೆತ್ತಗೆ ಮಾಡಬೇಕು. ಆಮೇಲೆ ಆ ತುದಿಯ ಖಂಡವನ್ನಷ್ಟೇ ಬಿಡಿಸಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ ಹಾಕುತ್ತಾರೆ. ಮಾಂಸ, ಕೊಬ್ಬು ಎಲ್ಲ ಕರಗುತ್ತದೆ. ಕೈಟಿನ್‌ನ ಗಟ್ಟಿ ಭಾಗ, ಅಂದರೆ ಕೀಟದ ಹೊರಕವಚ, ಉಳಿಯುತ್ತದೆ. ತೊಳೆದು ಒಂದು ಹನಿ ಗ್ಲಿಸರಿನ್‌ನಲ್ಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಪುಟ್ಟ ಬಟ್ಟಲಿನಂಥ ಒಂದು ಖಂಡ. ಎರಡು ಪಕ್ಕಕ್ಕೆ ಒಂದೊಂದು ಕೊಕ್ಕೆ. ನಡುವೆ ಇರುವ ಅಂಗದೊಳಗೆ ಪೊರೆಯ ಚೀಲ, ಕೆಲವದರಲ್ಲಿ ಆ ಪೊರೆಗೆ ಸಣ್ಣ ಸಣ್ಣ ಮುಳ್ಳು. ಹೊರಗಿನಿಂದ ಅವಳಿಗಳಂತೆ ಕಾಣುವ ಎರಡು ತಿಗಣೆಗಳು ಇಲ್ಲಿ ಬೇರೆಯಾಗುತ್ತವೆ. ಒಂದರ ಕೊಕ್ಕೆ ನೇರ, ಇನ್ನೊಂದರದ್ದು ತುದಿಯಲ್ಲಿ ತಿರುಚಿಕೊಂಡಿರುತ್ತದೆ. ಮೇಲಿಂದ, ಪಕ್ಕದಿಂದ, ಹಿಂದಿನಿಂದ ಚಿತ್ರ ಬರೆದಾದ ಮೇಲೆ ಆ ಚೂರನ್ನು ಗ್ಲಿಸರಿನ್ ತುಂಬಿದ ಪುಟಾಣಿ ಕೊಳವೆಗೆ ಹಾಕಿ, ಕೀಟ ಇರುವ ಅದೇ ಪಿನ್ನಿಗೆ ಸಿಕ್ಕಿಸುತ್ತಾರೆ. ಅದು ಕಳೆದುಹೋದರೆ ಪುರಾವೆಯೇ ಹೋದ ಹಾಗೆ.

ಇಷ್ಟಾದರೂ ಬರೀ ಅರ್ಧ ದಾರಿ. ಆ ಕುಲದಲ್ಲಿ ಹಿಂದಿನವರು ಹೆಸರಿಟ್ಟ ಪ್ರತಿಯೊಂದಕ್ಕೂ ಹೋಲಿಸಬೇಕು. ಪ್ರಾಣಿಗಳ ವೈಜ್ಞಾನಿಕ ಹೆಸರಿನ ಲೆಕ್ಕ ಶುರುವಾಗುವುದು 1758ರಿಂದ. ಹಳೇ ವಿವರಣೆ ಎಷ್ಟೋ ಸಲ ಒಂದೆರಡು ಸಾಲು, ಅದೂ ಲ್ಯಾಟಿನ್‌ನಲ್ಲಿ. ಅದನ್ನು ಓದಿ ಏನೂ ಗೊತ್ತಾಗದಿದ್ದರೆ, ಹೆಸರಿಗೆ ಆಧಾರವಾದ ಮೂಲ ಮಾದರಿಯನ್ನೇ ಹುಡುಕಿಕೊಂಡು ಹೋಗಬೇಕು. ಅದು ಯಾವುದೋ ದೇಶದ ಮ್ಯೂಸಿಯಂನಲ್ಲಿ ಇರುತ್ತದೆ. ಕಾಲು ಮುರಿದಿರುತ್ತದೆ. ಕೆಲವೊಮ್ಮೆ ಇರುವುದೇ ಒಂದು ಹೆಣ್ಣು!

ಈ ಹೋಲಿಕೆ ಮಾಡದೆ ಹೆಸರಿಟ್ಟರೆ ಯಾರಾದರೂ ತಡೆಯುತ್ತಾರಾ? ಇಲ್ಲ. ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಂಹಿತೆ ಹೆಸರು ಹೇಗೆ ಪ್ರಕಟವಾಗಬೇಕು, ಮೂಲ ಮಾದರಿ ಯಾವುದು, ಅದನ್ನು ಎಲ್ಲಿ ಇಡುತ್ತೀರಿ ಅಂತ ಕೇಳುತ್ತದೆ. ಆ ಪ್ರಭೇದ ನಿಜಕ್ಕೂ ಹೊಸದಾ ಅಂತ ತೀರ್ಪು ಕೊಡುವುದಿಲ್ಲ. ಆದರೆ ಒಮ್ಮೆ ನಿಯಮದ ಪ್ರಕಾರ ಬಂದ ಹೆಸರು ಸುಮ್ನೆ ಮಾಯ ಆಗುವುದಿಲ್ಲ. ಮುಂದೆ ಆ ಗುಂಪಿನ ಮೇಲೆ ಕೆಲಸಕ್ಕೆ ಕೂರುವ ಎಲ್ಲರೂ ಆ ಹೆಸರು ಯಾವ ಪ್ರಭೇದದ್ದು ಅಂತ ಬಿಡಿಸಲೇಬೇಕು. ಅವಸರದಲ್ಲಿ ಒಬ್ಬರು ಇಟ್ಟ ಹೆಸರಿಗೆ ಇನ್ನೊಬ್ಬರ ವರ್ಷಗಳು ಹೋಗುತ್ತವೆ.

ಅದಕ್ಕೇ ನನಗೆ ಒಂದೊಂದೇ ಪ್ರಭೇದ ಸೇರಿಸುವ ಪ್ರಬಂಧಗಳಿಗಿಂತ ಇಡೀ ಕುಲವನ್ನು ಹರಡಿಕೊಂಡು ಕೂರುವವರ ಮೇಲೆ ಗೌರವ ಜಾಸ್ತಿ. ಅಮೆರಿಕ ಖಂಡಗಳ ಜೀಲಸ್ ಅನ್ನೋ ಹಂತಕ ತಿಗಣೆಗಳ ಕುಲದ ಮೇಲೆ 2016ರಲ್ಲಿ ಅಂಥದ್ದೊಂದು ಕೆಲಸ ಬಂತು. ಸುಮಾರು 10,000 ಮಾದರಿಗಳನ್ನು ನೋಡಿ 71 ಪ್ರಭೇದ ಅಂತ ಲೆಕ್ಕ ಹಾಕಿದರು. ಅದರಲ್ಲಿ 24 ಹೊಸವು. ಆ 24ರಷ್ಟೇ ದೊಡ್ಡ ಕೆಲಸ ಉಳಿದವನ್ನು ಸರಿಪಡಿಸಿದ್ದು ಅಂತ ನನ್ನ ಅಭಿಪ್ರಾಯ. ಎರಡು ಹೆಸರು ಒಂದೇ ತಿಗಣೆಯದ್ದು ಅಂತ ತೋರಿಸಿ ಒಂದನ್ನು ತೆಗೆದುಹಾಕಿದರೆ ಯಾವ ಪತ್ರಿಕೆಯೂ ಫೋಟೋ ಹಾಕಲ್ಲ, ಬಿಡಿ.

ಇನ್ನೊಂದು ಲೆಕ್ಕ. ಮಾದರಿ ಹಿಡಿದ ದಿನದಿಂದ ಅದಕ್ಕೆ ಹೆಸರು ಬರೋಕೆ ಸರಾಸರಿ 21 ವರ್ಷ ಆಗುತ್ತದೆ ಅಂತ 2012ರ ಒಂದು ಅಧ್ಯಯನ ಹೇಳಿತು. ತಿಗಣೆಗಳದ್ದಷ್ಟೇ ಅಲ್ಲ, ಎಲ್ಲ ಬಗೆಯ ಜೀವಿಗಳನ್ನೂ ಸೇರಿಸಿ. ಅಂದರೆ ಹೊಸ ಪ್ರಭೇದಗಳು ಪೆಟ್ಟಿಗೆಗಳಲ್ಲೇ ಕೂತಿವೆ. ಕೊರತೆ ಇರೋದು ಪೆಟ್ಟಿಗೆ ಮುಂದೆ ಕೂರುವವರದ್ದು.

ಕೀಟದ ಫೋಟೋ ಹಾಕಿ ‘ಇದು ಹೊಸ ಪ್ರಭೇದ ಇರಬಹುದಾ?’ ಅಂತ ಕೇಳುವವರಿಗೆ ಒಂದು ಮಾತು. ಫೋಟೋ ಹಾಕಿ, ಖುಷಿಯಿಂದ ಹಾಕಿ. ದಿನಾಂಕ, ಜಾಗ, ಯಾವ ಗಿಡದ ಮೇಲೆ, ಏನು ತಿನ್ನುತ್ತಿತ್ತು, ಅದನ್ನೂ ಬರೆಯಿರಿ. ಪಿನ್ನಿನ ಮೇಲೆ ಸಿಗದ ವಿವರ ಅದು. ಆದರೆ ಉತ್ತರ ಮಾತ್ರ ಬೆನ್ನಿನ ಫೋಟೋದಲ್ಲಿ ಸಿಗುವುದು ಕಷ್ಟ.