ಕಂಬಕ್ಕೆ ಬಡಿದವನ ಜಮಾ-ಖರ್ಚು

2025ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್‌ನವರು ತಮ್ಮ ಸ್ಟ್ರೈಕರ್ ಡಾರ್ವಿನ್ ನುನೆಜ್‌ನನ್ನು ಸೌದಿಯ ಅಲ್-ಹಿಲಾಲ್‌ಗೆ ಮಾರಿದ ಸುದ್ದಿ ಬಂದಾಗ ನಾನು ಬಚ್ಚಲಲ್ಲಿದ್ದೆ. ಅಕ್ಕನ ಮಗ ಹೊರಗಿನಿಂದ ಬಾಗಿಲು ಬಡಿದು, "ಮಾಮಾ, ಡಾರ್ವಿನ್ ಹೋದ" ಎಂದು ಕೂಗಿದ. ನಮ್ಮ ಭಾಷೆಯಲ್ಲಿ 'ಹೋದ' ಅನ್ನುವುದನ್ನು ಹೀಗೆ ಹಿಂದುಮುಂದಿಲ್ಲದೆ ಕೂಗಬಾರದು. ಒಳಗಿನಿಂದ ನನ್ನ ಹೆಂಡತಿ ಓಡಿಬಂದು, "ಅಯ್ಯೋ, ಯಾವಾಗ? ವಯಸ್ಸೆಷ್ಟಾಗಿತ್ತು?" ಎಂದಳು. "ಇಪ್ಪತ್ತಾರು" ಎಂದ ಹುಡುಗ. ಅವಳು ಬಚ್ಚಲ ಬಾಗಿಲಿಗೆ ಒರಗಿ ಅಲ್ಲೇ ಕೂತುಬಿಟ್ಟಳು. ನಾನು ಮೈಗೆ ಸೋಪು ಮೆತ್ತಿಕೊಂಡೇ ಟವೆಲ್ ಸುತ್ತಿ ಬಾಗಿಲು ತೆಗೆದೆ. ಬಾಗಿಲಿಗೆ ಒರಗಿದ್ದವಳು ಒಳಕ್ಕೆ ವಾಲಿದಳು. ಸತ್ತಿಲ್ಲ ಮಾರಾಯ್ತಿ, ಬೇರೆ ಟೀಮಿಗೆ ಹೋಗಿದ್ದಾನೆ ಅಂತ ತಿಳಿಸಿ ಹೇಳುವಷ್ಟರಲ್ಲಿ ಸೋಪು ಒಣಗಿತ್ತು. "ವರ್ಗ ಆಗಿದ್ದಕ್ಕೆ ಇಷ್ಟು ರಂಪವಾ?" ಎಂದು ಎದ್ದು ಹೋದಳು.

ಸಂಜೆ ಭಾವ ಕೆಳಗಿಳಿದು ಬಂದರು. ಅಕ್ಕನ ಸಂಸಾರ ಮೇಲಿನ ಮಹಡಿಯಲ್ಲಿದೆ. ಹಾಗಾಗಿ ನಮ್ಮ ಟೀವಿ ಎದುರಿನ ಸೋಫಾದ ಎಡತುದಿ ಖಾಯಮ್ಮಾಗಿ ಭಾವನದು. ಜೀವನವಿಡೀ ಲೆಕ್ಕ ತಪಾಸಣೆ ಮಾಡಿ ನಿವೃತ್ತರಾದವರು. ಸುಖವಾಗಲಿ ದುಃಖವಾಗಲಿ ಎರಡು ಕಾಲಂ ಮಾಡಿ ಬರೆಯದೆ ಅವರಿಗೆ ನಿದ್ದೆ ಹತ್ತುವುದಿಲ್ಲ. "ಮೂರು ವರ್ಷ ನೋಡಿದ್ದೀವಿ. ಅಳೋದೂ ಬೇಡ, ಬಯ್ಯೋದೂ ಬೇಡ. ಜಮಾ-ಖರ್ಚು ಬರೆದು ಮುಗಿಸಿಬಿಡೋಣ" ಎಂದರು. ಹುಡುಗ ಕೈಗೆ ಸಿಕ್ಕಿದ ನೋಟ್ ಪುಸ್ತಕದ ಕೊನೆಯ ಹಾಳೆ ತೆರೆದುಕೊಟ್ಟ. ಭಾವ ಸ್ಕೇಲಿಟ್ಟು ನಟ್ಟನಡುವೆ ಒಂದು ಗೆರೆ ಎಳೆದರು. ಎಡಕ್ಕೆ ಜಮಾ, ಬಲಕ್ಕೆ ಖರ್ಚು.

ಮೊದಲು ದುಡ್ಡಿನ ಬಾಬತ್ತು. 2022ರಲ್ಲಿ ಪೋರ್ಚುಗಲ್ಲಿನ ಬೆನ್ಫಿಕಾ ಕ್ಲಬ್ಬಿನಿಂದ ತರುವಾಗ ಮೊದಲಿಗೆ ಸುಮಾರು 6.4 ಕೋಟಿ ಪೌಂಡ್, ಚೆನ್ನಾಗಿ ಆಡಿದರೆ 8.5 ಕೋಟಿವರೆಗೂ ಏರುವ ಕರಾರು. ಈಗ ಮಾರಿದ್ದು ಸುಮಾರು 4.6 ಕೋಟಿಗೆ.

"ಮೂರು ವರ್ಷ ಓಡಿಸಿದ ಗಾಡಿಗೆ ಒಳ್ಳೇ ರೇಟೇ ಬಂದಿದೆ ಭಾವ" ಎಂದೆ.

"ಗೋಲಿನ ಕಂಬಕ್ಕೆ ಗುದ್ದಿದ ಗಾಡಿ ಮಾಮಾ. ಅದಕ್ಕೇ ಇಳೀತು" ಎಂದ ಹುಡುಗ.

143 ಪಂದ್ಯ, 40 ಗೋಲು. ಮೊದಲ ವರ್ಷ 15, ಎರಡನೇ ವರ್ಷ 18, ಕೊನೆಯ ವರ್ಷ 7. ಇಷ್ಟನ್ನು ಜಮಾ ಕಡೆ ಬರೆಯುವುದರಲ್ಲಿ ತಕರಾರಿರಲಿಲ್ಲ. ಹುಡುಗ ತನ್ನ ಸ್ವಂತ ಖರ್ಚೂ ಒಂದಿದೆ ಎಂದ. ಮೊದಲ ವರ್ಷ ಡಾರ್ವಿನ್ ಬೆನ್ನ ಮೇಲೆ 27 ಇತ್ತು. ಹಟ ಹಿಡಿದು ಆ ಅಂಗಿ ಕೊಡಿಸಿಕೊಂಡಿದ್ದ. ಮರುವರ್ಷ ಹಳೆಯ ಸ್ಟ್ರೈಕರ್ ಫಿರ್ಮಿನೊ ಬಿಟ್ಟುಹೋದ 9 ಇವನಿಗೆ ಬಂತು. ಈಗ 27ರ ಅಂಗಿ ನನ್ನ ಹೆಂಡತಿಯ ಸ್ಕೂಟರ್ ಒರೆಸುತ್ತದೆ, 9ರದ್ದು ಯಾವಾಗ ಆ ಕೆಲಸಕ್ಕೆ ಸೇರೀತೋ ಅಂತ ಕಾಯುತ್ತಿದೆ. ಭಾವ ಅದನ್ನೂ ಬರೆದುಕೊಂಡರು. ಅವರ ಲೆಕ್ಕದಲ್ಲಿ ಚಿಲ್ಲರೆಗೆ ಚಿಲ್ಲರೆಯ ಮರ್ಯಾದೆ ಇದೆ.

ಅಲ್ಲಿಂದ ಮುಂದೆ ಜಗಳ.

ಕಮ್ಯುನಿಟಿ ಶೀಲ್ಡ್ ಅಂತ ಒಂದು ಪಂದ್ಯವಿದೆ, ಋತು ಶುರುವಾಗುವ ಮುಂಚೆ. 2022ರಲ್ಲಿ ಲಿವರ್‌ಪೂಲ್‌ಗೆ ಮ್ಯಾಂಚೆಸ್ಟರ್ ಸಿಟಿ ಎದುರಾಳಿ. ಅದೇ ಬೇಸಿಗೆಯಲ್ಲಿ ಸಿಟಿಯವರು ಹಾಲೆಂಡ್ ಎಂಬ ಸ್ಟ್ರೈಕರ್‌ನನ್ನು ತಂದಿದ್ದರು. ನಮ್ಮವನು ಬದಲಿಯಾಗಿ ಇಳಿದು ನಮಗೊಂದು ಪೆನಾಲ್ಟಿ ಕೊಡಿಸಿ, ಕೊನೆಗೆ ತಲೆಯಿಂದ ಒಂದು ಗೋಲು ಹಾಕಿ ಅಂಗಿ ಬಿಚ್ಚಿ ಓಡಿದ, 3-1. ಹಾಲೆಂಡ್ ಖಾಲಿ ಗೋಲಿನ ಎದುರು ನಿಂತು ಚೆಂಡನ್ನು ಅಡ್ಡಪಟ್ಟಿಗೆ ಬಡಿದ. ಸೋಮವಾರ ಬೆಳಿಗ್ಗೆ ನಾನು ಕಚೇರಿಯಲ್ಲಿ ಎದುರು ಮೇಜಿನವರ ಹತ್ತಿರ ಹೋಗಿ, "ನಿಮ್ಮ ಹಾಲೆಂಡ್ ಉದ್ಧಾರ ಆಗೋ ಆಸಾಮಿ ಅಲ್ಲ ಸಾರ್, ಬರೆದಿಟ್ಕೊಳ್ಳಿ" ಎಂದೆ. ಅವರು ನಿಜವಾಗಿಯೂ ಬರೆದಿಟ್ಟುಕೊಂಡರು, ಮೇಜಿನ ಕ್ಯಾಲೆಂಡರಿನ ಮೇಲೆ, ತಾರೀಖು ಹಾಕಿ. ಆ ವರ್ಷ ಹಾಲೆಂಡ್ ಲೀಗಿನಲ್ಲಿ ಹೊಡೆದದ್ದು 36, ಅದೊಂದು ದಾಖಲೆ. ನಮ್ಮವನದು 9. ಡಿಸೆಂಬರ್‌ವರೆಗೂ ಪ್ರತಿ ಸೋಮವಾರ ಆ ಕ್ಯಾಲೆಂಡರ್ ನನ್ನ ಕಡೆಗೆ ತಿರುಗಿರುತ್ತಿತ್ತು. ಹೊಸ ವರ್ಷಕ್ಕೆ ಹೊಸ ಕ್ಯಾಲೆಂಡರ್ ಬಂದಾಗ ಪೀಡೆ ತೊಲಗಿತು ಅಂದುಕೊಂಡೆ. ಆ ಹಾಳೆಯೊಂದನ್ನು ಕತ್ತರಿಸಿ ಗಾಜಿನ ಕೆಳಗಿಟ್ಟುಕೊಂಡಿದ್ದರು.

"ಅದು ನಿನ್ನ ಖರ್ಚು, ಅವನದಲ್ಲ" ಎಂದು ಭಾವ ಬರೆಯಲು ಒಪ್ಪಲಿಲ್ಲ.

ಕ್ರಿಸ್ಟಲ್ ಪ್ಯಾಲೆಸ್ ಎದುರಿನ ಪಂದ್ಯವನ್ನು ಯಾರೂ ಪ್ರಶ್ನಿಸಲಿಲ್ಲ. ನಮ್ಮ ತವರು ಮೈದಾನ ಆನ್‌ಫೀಲ್ಡ್‌ನಲ್ಲಿ ಅವನ ಮೊದಲ ಲೀಗ್ ಪಂದ್ಯ, ಎದುರಾಳಿ ಡಿಫೆಂಡರ್ ಆಂಡರ್ಸನ್ ಕೆಣಕಿದ, ಇವನು ತಲೆ ಕೊಟ್ಟ. ತಲೆ ಕೊಡುವುದು ಎಂದರೆ ನುಡಿಗಟ್ಟಲ್ಲ, ಹಣೆಯನ್ನೇ ಕೊಟ್ಟ. ರೆಡ್ ಕಾರ್ಡ್, ಮೂರು ಪಂದ್ಯ ಹೊರಗೆ. ಖರ್ಚು.

ಆಮೇಲೆ ಆಫ್‌ಸೈಡ್. ಪಾಸ್ ಕೊಡುವವನ ಕಾಲಿನಿಂದ ಚೆಂಡು ಹೊರಡುವ ಕ್ಷಣದಲ್ಲಿ ನೀನು ಎಲ್ಲಿದ್ದೆ ಎಂಬುದಷ್ಟೇ ಅಲ್ಲಿ ಲೆಕ್ಕ. ಡಾರ್ವಿನ್ ಯಾವಾಗಲೂ ಕೊನೆಯ ಡಿಫೆಂಡರ್‌ಗಿಂತ ಅರ್ಧ ಹೆಜ್ಜೆ ಮುಂದೆ ಇರುತ್ತಿದ್ದ. ಗೋಲು ಹಾಕಿ, ಕೈ ಚಾಚಿ ಓಡಿ, ಮೂಲೆಯ ಬಾವುಟದವರೆಗೂ ಹೋಗಿ ತಿರುಗಿ ನೋಡಿದರೆ ಲೈನ್ಸ್‌ಮನ್ನಿನ ಬಾವುಟ ಮೇಲೆದ್ದಿರುತ್ತಿತ್ತು. ಇದನ್ನು ಖರ್ಚಿಗೆ ಹಾಕುವುದಕ್ಕೆ ನಾನು ಬಿಡಲಿಲ್ಲ. ನನಗೆ ಇದರಲ್ಲಿ ಸ್ವಂತ ಹಿತಾಸಕ್ತಿ ಇದೆ.

ನಮ್ಮ ಕಚೇರಿಯ ಹಿರಿಯರೊಬ್ಬರ ಬೀಳ್ಕೊಡುಗೆ. ಬೀಳ್ಕೊಡುಗೆಯಲ್ಲಿ ಜಮಾ ಕಾಲಂ ಒಂದೇ ಇರುವುದು ನಿಮಗೂ ಗೊತ್ತು. ಹತ್ತು ವರ್ಷ ಅವರ ಫೈಲು ಎಲ್ಲಿದೆ ಅಂತ ಅವರಿಗೇ ಗೊತ್ತಿಲ್ಲದಿದ್ದರೂ 'ಕರ್ತವ್ಯನಿಷ್ಠರು' ಅನ್ನಬೇಕು. ಅಧಿಕಾರಿಗಳು ಭಾಷಣ ಮುಗಿಸುವ ಹಂತದಲ್ಲಿದ್ದರು. ಎಲ್ಲಿ ಚಪ್ಪಾಳೆ ಬೀಳಬೇಕೋ ಅಲ್ಲಿಗೆ ನಾನೇ ಮೊದಲಿಗನಾಗಿರಬೇಕೆಂದು ಅಂಗೈ ಸಿದ್ಧ ಮಾಡಿಕೊಂಡು ಕೂತಿದ್ದೆ. ಅವರು, "ನಾಳೆಯಿಂದ ಇವರು ನಮ್ಮ ಕಚೇರಿಗೆ ಬರುವುದಿಲ್ಲ..." ಎಂದು ಗಂಟಲು ಕಟ್ಟಿ ನಿಲ್ಲಿಸಿದರು. ನಾನು ಚಪ್ಪಾಳೆ ತಟ್ಟಿದೆ. ಇಡೀ ಸಭಾಂಗಣದಲ್ಲಿ ಒಂಟಿ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಇಬ್ಬರು ಬೆಚ್ಚಿಬಿದ್ದು ನನ್ನನ್ನು ಅನುಸರಿಸಿದರು. ನಿವೃತ್ತರಾದವರು ವೇದಿಕೆಯಿಂದಲೇ ನನಗೆ ಕೈಮುಗಿದರು. ಆ ಕೈಮುಗಿತವನ್ನು ನಾನು ಈವರೆಗೂ ಮರೆತಿಲ್ಲ, ಅವರೂ ಮರೆತಿರಲಾರರು.

ಬೇಗ ಓಡುವುದು ತಪ್ಪಲ್ಲ, ಪಾಸ್ ತಡವಾಯಿತು ಎಂದು ನಾನು ವಾದಿಸಿದೆ. ಭಾವ ಕನ್ನಡಕದ ಮೇಲಿನಿಂದ ನೋಡಿ ಖರ್ಚಿಗೇ ಬರೆದರು.

ನಿಜವಾದ ಕುಸ್ತಿ ನಡೆದದ್ದು ಚೆಲ್ಸಿ ಪಂದ್ಯದ ಮೇಲೆ. 2024ರ ಜನವರಿ 31. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಭಾವ ಮೇಲೆ ಅವರ ಮೊಬೈಲಿನಲ್ಲಿ ನೋಡುತ್ತಿದ್ದರು, ನಾನು ಕೆಳಗೆ ಟೀವಿಯ ದನಿ ಆರಿಸಿ ನೋಡುತ್ತಿದ್ದೆ. ಡಾರ್ವಿನ್ ಒಮ್ಮೆ ಹೊಡೆದ, ನಾನು ಎದ್ದೆ, ಕಂಬಕ್ಕೆ ಬಡಿಯಿತು, ಕೂತೆ. ಪೆನಾಲ್ಟಿ ಸಿಕ್ಕಿತು. ಎದುರಿಗೆ ಗೋಲ್‌ಕೀಪರ್ ಒಬ್ಬನೇ, ಚೆಂಡು ನಿಂತಲ್ಲೇ ನಿಂತಿದೆ. ನಾನು ಬಾಯಲ್ಲಿ ಕೂಗು ತುಂಬಿಕೊಂಡು ಎದ್ದೆ. ಮತ್ತೆ ಕಂಬ. ತುಂಬಿಕೊಂಡ ಕೂಗನ್ನು ಹಾಗೇ ನುಂಗಲು ಹೋಗಿ ಬಿಕ್ಕಳಿಕೆ ಶುರುವಾಯಿತು. ಮೂರನೆಯದಕ್ಕೆ ಏಳುವಾಗ ನನ್ನ ಕಾಲಿನ ಕಿರುಬೆರಳು ಟೀಪಾಯಿಯ ಕಾಲಿಗೆ ಬಡಿಯಿತು. ಅದೂ ಒಂದು ಕಂಬವೇ. ನಾಲ್ಕನೆಯದಕ್ಕೆ ನಾನು ಒಂಟಿಕಾಲಲ್ಲಿ ಬಿಕ್ಕಳಿಸುತ್ತ ಕುಣಿಯುತ್ತಿದ್ದಾಗ ದೀಪ ಹತ್ತಿತು.

"ಗೋಲಾ?" ಎಂದಳು ಹೆಂಡತಿ.

"ಇಲ್ಲ, ಕಂಬಕ್ಕೆ ಬಡೀತು."

"ಆಗಲೇ ದಡಬಡ ಅಂದಿದ್ದು?"

"ಅದೂ ಕಂಬಕ್ಕೆ."

"ಅದಕ್ಕೂ ಮುಂಚೆ?"

"ಅವೆರಡೂ ಕಂಬಕ್ಕೇ."

ಅವಳು ಸ್ವಲ್ಪ ಹೊತ್ತು ಟೀವಿಯನ್ನೇ ನೋಡಿದಳು. "ಗೋಲಿನ ಅಗಲ ಎಷ್ಟು ರೀ?"

"ಎಂಟು ಗಜ."

"ಕಂಬದ್ದು?"

"ಹೆಚ್ಚೆಂದರೆ ಐದು ಇಂಚು."

"ಹಾಗಾದರೆ ಇವನ ಗುರಿ ಭಲೇ ಇದೆ" ಎಂದು ದೀಪ ಆರಿಸಿ ಹೋದಳು.

ಪ್ರೀಮಿಯರ್ ಲೀಗಿನಲ್ಲಿ ಈ ಲೆಕ್ಕ ಇಡಲು ಶುರುಮಾಡಿದ 2003-04ರಿಂದ ಒಂದೇ ಪಂದ್ಯದಲ್ಲಿ ನಾಲ್ಕು ಸಲ ಕಂಬಕ್ಕೋ ಪಟ್ಟಿಗೋ ಹೊಡೆದ ಮೊದಲ ಆಟಗಾರ ಇವನೇ. ಪಂದ್ಯ ಮಾತ್ರ ನಾವು 4-1ರಿಂದ ಗೆದ್ದೆವು, ಲೂಯಿಸ್ ಡಿಯಾಸ್ ಹೊಡೆದ ಕೊನೆಯ ಗೋಲಿಗೆ ಚೆಂಡು ಕೊಟ್ಟದ್ದೂ ಇವನೇ. ಈಗ ಹೇಳಿ, ನಾಲ್ಕು ಕಂಬ ಎಲ್ಲಿಗೆ ಬರೆಯುವುದು?

ಖರ್ಚಿಗೆ ಎಂದ ಹುಡುಗ. ಜಮಾಕ್ಕೆ ಎಂದೆ ನಾನು. ನಾಲ್ಕು ಸಲ ಕಂಬಕ್ಕೆ ಹೊಡೆಯಬೇಕಾದರೆ ನಾಲ್ಕು ಸಲ ಅಲ್ಲಿಗೆ ತಲುಪಿರಬೇಕಲ್ಲ? ಬೇರೆ ಸ್ಟ್ರೈಕರ್‌ಗಳು ಒಂದೂವರೆ ಗಂಟೆಯಲ್ಲಿ ಒಂದು ಸಲ ಚೆಂಡಿನ ಮುಖ ನೋಡಿ ಮನೆಗೆ ಹೋಗುತ್ತಾರೆ. ಇವನು ಡಿಫೆಂಡರ್‌ಗಳ ಬೆನ್ನ ಹಿಂದಕ್ಕೆ ಓರೆಯಾಗಿ ನುಗ್ಗುತ್ತಿದ್ದ ರೀತಿಗೆ ಇಬ್ಬರು ಅವನ ಹಿಂದೆ ಬೀಳಲೇಬೇಕಾಗುತ್ತಿತ್ತು, ಆ ಖಾಲಿ ಜಾಗದಲ್ಲಿ ಜೊತೆ ಆಟಗಾರ ಸಲಾ ಆರಾಮಾಗಿ ಬಂದು ನಿಲ್ಲುತ್ತಿದ್ದ. ತಪ್ಪಿಸುವುದಕ್ಕೂ ಅರ್ಹತೆ ಬೇಕು. ಆದರೆ ಒಂದು ಮಾತು ನಾನೂ ಒಪ್ಪುತ್ತೇನೆ, ಅವನಿಗೆ ಯೋಚಿಸಲು ಸಮಯ ಸಿಗಬಾರದು. ಸರಕ್ಕನೆ ಬಂದ ಚೆಂಡನ್ನು ಸರಕ್ಕನೆ ಹೊಡೆದರೆ ಬಲೆ ಹರಿದುಹೋಗುವಂತಿರುತ್ತಿತ್ತು. ಎರಡು ಸೆಕೆಂಡು ಸಿಕ್ಕಿತೋ, ಕೆಟ್ಟ. ನನ್ನದೂ ಇದೇ ಜಾತಿ. ಹೆಂಡತಿ ಹೇಳದೆ ಕೇಳದೆ ಸ್ಕೂಟರ್ ಕೀ ಎಸೆದರೆ ಒಂದೇ ಕೈಯಲ್ಲಿ ಹಿಡಿಯುತ್ತೇನೆ. "ರೀ, ಹಿಡ್ಕೊಳ್ಳಿ" ಎಂದು ಹೇಳಿ ಎಸೆದರೆ ಕೀ ಮೂಗಿಗೆ ಬಡಿಯುತ್ತದೆ.

ವಾದ ಒಂಬತ್ತರಿಂದ ಹತ್ತೂವರೆಯವರೆಗೆ ನಡೆಯಿತು. ಕೊನೆಗೆ ಭಾವ ತಮ್ಮ ವೃತ್ತಿಜೀವನದಲ್ಲೇ ಮೊದಲ ಬಾರಿಗೆ ಒಂದು ಬಾಬತ್ತನ್ನು ಎರಡೂ ಕಾಲಂಗೆ ಸೇರಿಸದೆ, ನಡುವಿನ ಗೆರೆಯ ಮೇಲೇ ಬರೆದರು: 'ಕಂಬ - 4'. ಕ ಜಮಾದಲ್ಲಿ, ಬ ಗೆರೆ ದಾಟಿ ಖರ್ಚಿನಲ್ಲಿ.

ನ್ಯೂಕಾಸಲ್ ಪಂದ್ಯದ ಬಗ್ಗೆ ನಾನು ಜಾಸ್ತಿ ಮಾತಾಡಬಾರದಿತ್ತು. 2023ರ ಆಗಸ್ಟ್ 27. ಲಿವರ್‌ಪೂಲ್ ಒಂದು ಗೋಲು ಹಿಂದೆ, ಅರ್ಧ ಗಂಟೆ ಆಗುವ ಮುಂಚೆಯೇ ನಮ್ಮ ಡಿಫೆಂಡರ್ ವಾನ್ ಡೈಕ್‌ಗೆ ರೆಡ್ ಕಾರ್ಡ್, ಹತ್ತೇ ಜನ. ಡಾರ್ವಿನ್ ಕೊನೆಯಲ್ಲಿ ಬದಲಿಯಾಗಿ ಬಂದು 81ನೇ ನಿಮಿಷಕ್ಕೊಂದು, ಹೆಚ್ಚುವರಿ ಸಮಯದಲ್ಲೊಂದು ಹೊಡೆದು 2-1 ಮಾಡಿದ. ಅವನ ಜೀವಮಾನದ ಪಂದ್ಯ ಎಂದು ನಾನು ಭಾವುಕನಾಗಿ ವರ್ಣಿಸುತ್ತಿದ್ದೆ. ಭಾವ ಪೆನ್ನು ಕೆಳಗಿಟ್ಟು, "ಎರಡನೇದು ಯಾವ ಕಾಲಲ್ಲಿ ಹೊಡೆದ?" ಎಂದರು.

"ಎಡಗಾಲು" ಎಂದೆ.

ಎರಡೂ ಬಲಗಾಲಿನವು. ಎರಡೂ ಬಲಗಡೆಯಿಂದ ಬಂದು ದೂರದ ಮೂಲೆಗೆ, ಅಚ್ಚು ಹಾಕಿದ ಹಾಗೆ. ರೆಡ್ ಕಾರ್ಡ್ ನೋಡಿ ಟೀವಿ ಆರಿಸಿ ಮಲಗಿದ್ದೆನೆಂದು ಎರಡು ವರ್ಷದ ಮೇಲೆ ಒಪ್ಪಿಕೊಳ್ಳಬೇಕಾಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು 99ನೇ ನಿಮಿಷದ ಹೆಡರ್ ಕೂಡ ನೋಡಿರಲಿಲ್ಲವೇ ಎಂದು ಕೇಳಿದರು. ಉತ್ತರಿಸಲಿಲ್ಲ. ಬ್ರೆಂಟ್‌ಫರ್ಡ್ ಎದುರು 90 ಮುಗಿದ ಮೇಲೆ ಹೊಡೆದ ಎರಡು? ಹಲ್ಲುಜ್ಜುತ್ತಿದ್ದೆ. ಇಡೀ ಮೂರು ವರ್ಷ ಈ ಮನುಷ್ಯ ನಾನು ಎದ್ದುಹೋದ ಮೇಲೆ ಗೋಲು ಹೊಡೆದಿದ್ದಾನೆ, ನಾನು ಕಣ್ಣು ಬಿಟ್ಟುಕೊಂಡು ಕೂತಾಗಲೆಲ್ಲ ಕಂಬಕ್ಕೆ ಹೊಡೆದಿದ್ದಾನೆ. ತಂಡದ ಹಿತಕ್ಕಾಗಿ ನಾನು ಇನ್ನೂ ಬೇಗ ಮಲಗಬೇಕಿತ್ತು ಎಂದ ಹುಡುಗ.

2025ರ ಮಾರ್ಚ್‌ನಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಿ ಪ್ಯಾರಿಸ್ಸಿನ ಪಿಎಸ್‌ಜಿ ಎದುರು ಪೆನಾಲ್ಟಿ ಶೂಟೌಟ್. ಇವನದನ್ನು ಅವರ ಗೋಲ್‌ಕೀಪರ್ ಡೊನ್ನರುಮಾ ತಡೆದ, ನಾವು ಹೊರಬಿದ್ದೆವು. ಅದನ್ನು ಭಾವ ಮಾತಿಲ್ಲದೆ ಬರೆದರು, ನಾವೂ ಮಾತಾಡಲಿಲ್ಲ. ಆ ವರ್ಷ ಲೀಗ್ ಗೆದ್ದದ್ದನ್ನು ಎದುರಿನ ಕಾಲಂನಲ್ಲಿ ಸ್ವಲ್ಪ ದಪ್ಪ ಅಕ್ಷರದಲ್ಲಿ ಬರೆದರು. ಆಮೇಲೆ ಕೂಡಿಸಿದರು, ಕಳೆದರು, ಇನ್ನೊಮ್ಮೆ ಕೂಡಿಸಿದರು. ಆ ನಾಲ್ಕು ಕಂಬ ಆಚೆಗೋ ಈಚೆಗೋ ತೀರ್ಮಾನವಾಗದೆ ಲೆಕ್ಕ ಕೂಡುವಂತಿರಲಿಲ್ಲ. "ನಾಳೆ ನೋಡೋಣ" ಎಂದು ಪುಸ್ತಕ ಮುಚ್ಚಿ ಮೇಲೆ ಹೋದರು.

ನಾಳೆ ಪುಸ್ತಕ ಇರಲಿಲ್ಲ. ಅದು ಹುಡುಗನ ಗಣಿತದ ನೋಟ್ಸ್, ತಪಾಸಣೆಗೆಂದು ಶಾಲೆಗೆ ಹೋಗಿತ್ತು. ಕೊನೆಯ ಹಾಳೆ ಹರಿದುಕೊಳ್ಳುವುದನ್ನು ಮೂವರೂ ಮರೆತಿದ್ದೆವು. ಗಣಿತದ ಮೇಷ್ಟ್ರು ಬಹಳ ಕಟ್ಟುನಿಟ್ಟು ಎಂದು ಹುಡುಗ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಅಕ್ಕ ನಮ್ಮಿಬ್ಬರ ಜೊತೆ ಮಾತು ಬಿಟ್ಟಳು. ಪೋಷಕರನ್ನು ಕರೆದುಕೊಂಡು ಬಾ ಎಂದರೆ ಯಾರು ಹೋಗುವುದು ಎಂಬ ಪ್ರಶ್ನೆ ಬಂದಾಗ ಭಾವ, "ನೀನು ಸೋದರಮಾವ, ನಿನಗೇ ಹಕ್ಕು ಜಾಸ್ತಿ" ಎಂದುಬಿಟ್ಟರು.

ಶುಕ್ರವಾರ ಪುಸ್ತಕ ಬಂತು. ಹುಡುಗ ಅದನ್ನು ಸೋಫಾದ ಮೇಲಿಟ್ಟು ದೂರ ನಿಂತ. ಭಾವ ಕನ್ನಡಕ ಏರಿಸಿ ಕೊನೆಯ ಹಾಳೆ ತೆರೆದರು. 15, 18, 7ರ ಮೊತ್ತದ ಪಕ್ಕ ಕೆಂಪು ಶಾಯಿಯಲ್ಲಿ ಒಂದು ರೈಟು. 'ಕಂಬ - 4' ಎಂಬುದರ ಸುತ್ತ ಒಂದು ಸೊನ್ನೆ ಸುತ್ತಿ, ಅದರಿಂದ ಅಂಚಿನವರೆಗೂ ಬಾಣ ಎಳೆದು, ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: 'ಪೂರ್ತಿ ಗೆರೆ ದಾಟಿಲ್ಲ. ಗೋಲು ಇಲ್ಲ.'

ಭಾವ ಅದನ್ನು ಎರಡು ಸಲ ಓದಿ, ಪುಸ್ತಕವನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ಗೆರೆಯ ಮೇಲೆ ಸ್ಕೇಲಿಟ್ಟು ನೋಡಿದರು.

"ಯಾವ ಟೀಮಿನವರೋ ನಿಮ್ಮ ಮೇಷ್ಟ್ರು?" ಎಂದು ಹುಡುಗನನ್ನು ಕೇಳಿದರು.