ನನ್ ದುಡ್ಡು ನಂಗ್ ಕೊಡೋಕೆ ಇನ್ನೆಷ್ಟು ವೆರಿಫಿಕೇಶನ್ ಬೇಕ್ರಪ್ಪಾ

ಬೆಳಗ್ಗೆ ಎದ್ದು, ನಾನು ಆನ್‌ಲೈನಲ್ಲಿ ಗೊಂಬೆ ಮಾರೋ ಆ್ಯಪ್ ತೆಗೆದ್ರೆ ಮತ್ತೆ ಅದೇ ಕೆಂಪಕ್ಷರ, ‘ಪೇಮೆಂಟ್ ಹೋಲ್ಡ್‌ನಲ್ಲಿದೆ’. 18,640 ರೂಪಾಯಿ, ಇದು ಮೂರನೇ ವಾರ. ಕಾರಣ ಏನ್ ಗೊತ್ತಾ, ಬ್ಯಾಂಕಲ್ಲಿ ನನ್ ಹೆಸರಿನ ಮುಂದೆ ಇನಿಷಿಯಲ್ ಇದೆ, ಪ್ಯಾನ್ ಕಾರ್ಡಲ್ಲಿ ನನ್ ಹೆಸರಾದ್ಮೇಲೆ ಅಪ್ಪನ ಹೆಸರು ಪೂರ್ತಿ ಇದೆಯಂತೆ! ಅಲ್ರೀ, ಎರಡು ವರ್ಷದಿಂದ ಇದೇ ಅಕೌಂಟಿಗೆ ಹಾಕ್ತಿದ್ರಲ್ಲ, ಆಗ ದುಡ್ಡು ತಗೊಂಡಿದ್ದು ನನ್ ದೆವ್ವನಾ?

ಚನ್ನಪಟ್ಟಣದ ಗೊಂಬೆ ಮಾರೋಳು ನಾನು. ಆರ್ಡರ್ ಒಂದಿನ ಲೇಟಾದ್ರೆ ಪೆನಾಲ್ಟಿ ಅವತ್ತೇ ಕಟ್, ಕಮಿಷನ್ ಕಟ್, ಶಿಪ್ಪಿಂಗ್ ಕಟ್, ತೆರಿಗೆ ಅಂತ ಟಿಸಿಎಸ್ 0.5%, ಟಿಡಿಎಸ್ 0.1%, ಕಿತ್ಕೊಳ್ಳೋವಾಗ ಮಾತ್ರ ಪೈಸೆ ಪೈಸೆ ಲೆಕ್ಕ ಪಕ್ಕಾ. ಯಾರೋ ಪುಣ್ಯಾತ್ಮ ಮರದ ಬುಗುರಿ ತಗೊಂಡು ಪ್ಲಾಸ್ಟಿಕ್ ಗಿಲಕಿ ರಿಟರ್ನ್ ಕಳಿಸಿದ, ಅದೂ ಹಲ್ಲಿನ ಗುರುತಿರೋದು! ಕ್ಲೇಮ್ ಹಾಕಿದ್ರೆ ವಿಡಿಯೋ ಕ್ಲಿಯರಾಗಿಲ್ಲ ಅಂತ ರಿಜೆಕ್ಟ್.

ಕಂಪ್ಲೇಂಟ್ ಟಿಕೆಟ್ ಹಾಕಿದ್ರೆ 48 ಗಂಟೆ ಕಾಯಿರಿ ಅಂತಾರೆ, ಕಾದ್ರೆ ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಅಂತ ಅವ್ರೇ ಕ್ಲೋಸ್ ಮಾಡಿ ಮೇಲಿಂದ ನನ್ನತ್ರ ಐದು ಸ್ಟಾರ್ ಕೇಳ್ತಾರೆ, ನಾಚಿಕೆ ಅನ್ನೋದು ಬೇಡ್ವಾ? ಗೊಂಬೆ ಮಾಡೋ ಅಣ್ಣಂಗೆ, ಅರಗು ಕೊಡೋರಿಗೆ ನಾನೇನು ಸ್ಕ್ರೀನ್‌ಶಾಟ್ ಕೊಡ್ಲಾ?

ಈಗಷ್ಟೇ ಮೆಸೇಜ್ ಬಂತು, ಕ್ಯಾನ್ಸಲ್ ಮಾಡಿದ ಚೆಕ್ ಅಪ್‌ಲೋಡ್ ಮಾಡ್ಬೇಕಂತೆ. ನಾಲ್ಕನೇ ಸಲ!